ಕಂಪ್ಯೂಟರಿಗೆ ನೀರು ನುಗ್ಗಿದೆಯಾ? ಆನ್ ಮಾಡುವ ಮೊದಲು ಇದನ್ನು ಓದಿ

ಮಳೆ ಶುರುವಾಯಿತು ಅಂದರೆ ಡೊಂಬಿವಲಿಯ ನಮ್ಮ ಮನೆಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. "ಅಣ್ಣಾ, ಕಂಪ್ಯೂಟರಿಗೆ ನೀರು ಹೋಗಿತ್ತು. ಚೆನ್ನಾಗಿ ಒರೆಸಿ, ಒಣಗಿಸಿ ಆನ್ ಮಾಡಿದೆ. ಒಂದು ಸಲ ಲೈಟ್ ಬಂತು, ಆಮೇಲೆ ಏನೂ ಇಲ್ಲ." ಆ ಎರಡು ಮಾತಿನಲ್ಲೇ ಕಥೆ ಮುಗಿದಿರುತ್ತದೆ: ಆನ್ ಮಾಡಿದೆ.

ನೀರು ಬಿದ್ದ ಮಾತ್ರಕ್ಕೆ ಕಂಪ್ಯೂಟರಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್ ಸಾಯುವುದಿಲ್ಲ. ಕಾರ್ಖಾನೆಯಲ್ಲಿ ಎಷ್ಟೋ ಬೋರ್ಡುಗಳನ್ನು ಬೆಸುಗೆ ಆದಮೇಲೆ ನೀರಿನಲ್ಲೇ ತೊಳೆಯುತ್ತಾರೆ. ಅದನ್ನು ಕೊಲ್ಲುವುದು ನೀರು ಮತ್ತು ಕರೆಂಟು ಎರಡೂ ಒಟ್ಟಿಗೆ ಇರುವುದು. ನೀರಿನಲ್ಲಿ ಕರಗಿದ ಉಪ್ಪಿನ ಮೂಲಕ ಕರೆಂಟು ಹರಿಯುತ್ತದೆ. ಕೂದಲಿನಷ್ಟು ಸಣ್ಣ ತಾಮ್ರದ ಗೆರೆಗಳನ್ನು ಅದು ತಿನ್ನುತ್ತಾ ಹೋಗುತ್ತದೆ. ಇನ್ನೊಂದು ಕೊಲೆಗಾರ ಅಂದರೆ ನೀರು ಆರಿದ ಮೇಲೆ ಉಳಿಯುವ ಕೊಳೆ. ಹಾಗಾಗಿ ಬೇಗ ಒಣಗಿಸುವುದಕ್ಕಿಂತ ಸರಿಯಾದ ಕ್ರಮದಲ್ಲಿ ಮಾಡುವುದು ಮುಖ್ಯ: ಕರೆಂಟು ತೆಗೆ, ಬಿಚ್ಚು, ತೊಳೆ, ಒಣಗಿಸು, ಎಲ್ಲಕ್ಕಿಂತ ಕೊನೆಗೆ ಆನ್ ಮಾಡು.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ರಬ್ಬರ್ ಕೈಗವಸು, ಹೊಸ ಮೆತ್ತನೆಯ ಪೇಂಟ್ ಬ್ರಶ್ ಒಂದು, ಟೂತ್ ಬ್ರಶ್ ಒಂದು. ನಾಲ್ಕೈದು ಲೀಟರ್ ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಅಂತ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ ಎಚ್ಚರ, ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಲೇಬಲ್ ಓದಿಯೇ ತನ್ನಿ.

ಇನ್ನೊಂದು, ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ. 99 ಪರ್ಸೆಂಟಿನದ್ದು ಒಂದು ಲೀಟರ್ ಸಾಕು. ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಅದರ ಬದಲಿಗೆ ಸ್ಯಾನಿಟೈಸರ್ ಬೇಡ, ಅದರಲ್ಲಿ ಅಂಟು ಇರುತ್ತದೆ. ಥಿನ್ನರ್, ಪೆಟ್ರೋಲ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಕರಗಿ ಹೋಗುತ್ತದೆ.

ಜೊತೆಗೆ ಮುಚ್ಚಳ ಗಟ್ಟಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಒಂದು ಕಿಲೋ, ಸಿಆರ್2032 ನಾಣ್ಯದ ಬ್ಯಾಟರಿ ಒಂದು, ಪ್ರೊಸೆಸರಿನ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಂದು ಸಣ್ಣ ಟ್ಯೂಬು.

1. ಮೊದಲು ಕರೆಂಟು

ನೆಲದ ಮೇಲೆ ನೀರು ನಿಂತಿದ್ದರೆ ಕಂಪ್ಯೂಟರಿನ ಹತ್ತಿರ ಹೋಗಲೇಬೇಡಿ. ಮೊದಲು ಬಾಗಿಲ ಹತ್ತಿರದ ಮೇನ್ ಸ್ವಿಚ್ ಇಳಿಸಿ, ಅದೂ ಒಣ ಜಾಗದಲ್ಲಿ ನಿಂತು. ಹಳೆಯ ಚಾಳುಗಳಲ್ಲಿ ಮೀಟರ್ ಬಾಕ್ಸ್ ಮೆಟ್ಟಿಲ ಕೆಳಗೆ ಇರುತ್ತದೆ. ಅದಕ್ಕೇ ನೀರು ಮುಟ್ಟಿದ್ದರೆ ನೀವು ಮುಟ್ಟಬೇಡಿ. ಕರೆಂಟು ಕೊಡುವ ಕಂಪನಿಗೆ ಫೋನ್ ಮಾಡಿ. ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು, ಅಲ್ವಾ?

ತುಂಬಾ ಜನ ಮರೆಯುವುದು ಯುಪಿಎಸ್. ಮೇನ್ ಇಳಿಸಿದ ಮೇಲೂ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಬೀಪ್ ಬೀಪ್ ಅನ್ನುತ್ತಿದೆ ಅಂದರೆ ಅದು ಇನ್ನೂ ಜೀವಂತ ಇದೆ ಅಂತ ಅರ್ಥ. ಒಣ ಜಾಗದಲ್ಲಿದ್ದರೆ ಅದರ ಬಟನ್ ಒತ್ತಿ ಬಂದ್ ಮಾಡಿ. ನೀರಿನಲ್ಲೇ ಕೂತಿದ್ದರೆ ಎಲೆಕ್ಟ್ರಿಷಿಯನ್ ಬರುವ ತನಕ ಕಾಯಿರಿ. ಮನೆಗೆ ಇನ್ವರ್ಟರ್ ಇದ್ದರೆ ಅದಕ್ಕೂ ಇದೇ ಮಾತು.

ಇನ್ನು ಡೆಸ್ಕ್‌ಟಾಪಿನ ಪ್ಲಗ್ ಕಿತ್ತು ತೆಗೆಯಿರಿ. "ಶಟ್‌ಡೌನ್ ಮಾಡಿದ್ದೆನಲ್ಲ" ಅನ್ನಬೇಡಿ. ಶಟ್‌ಡೌನ್ ಆದಮೇಲೂ ಪ್ಲಗ್ ಇದ್ದಷ್ಟು ಹೊತ್ತು ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಬೋರ್ಡನ್ನು ತಿಂದು ಹಾಕಲು ಅಷ್ಟು ಸಾಕು. ಇನ್ನೊಂದು ಅಪಾಯವೂ ಇದೆ. ನೀರು ಏರಿದಾಗ ಏರಿಯಾದ ಕರೆಂಟು ತೆಗೆಯುತ್ತಾರೆ, ಇಳಿದ ಮೇಲೆ ಕೊಡುತ್ತಾರೆ. ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವ ಹಾಗೆ ಕೆಲವು ಕಂಪ್ಯೂಟರುಗಳಲ್ಲಿ ಸೆಟ್ಟಿಂಗ್ ಇರುತ್ತದೆ. ರಾತ್ರಿ ಮೂರು ಗಂಟೆಗೆ, ನೀವು ಮಲಗಿರುವಾಗ, ಒದ್ದೆ ಕಂಪ್ಯೂಟರ್ ತಾನಾಗಿ ಶುರುವಾಗುತ್ತದೆ.

ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯಲಿ.

2. ಯಾವ ನೀರು, ಎಲ್ಲಿವರೆಗೆ

ಬಿಚ್ಚುವ ಮೊದಲು ಒಂದು ನಿಮಿಷ ನಿಂತು ನೋಡಿ. ಕ್ಯಾಬಿನೆಟ್, ಅಂದರೆ ಮನೆಯಲ್ಲಿ ನಾವು ಸಿಪಿಯು ಅನ್ನುವ ಡಬ್ಬದ ಮೇಲೆ ನೀರಿನ ಗೆರೆ ಎಲ್ಲಿದೆ? ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮನೆಗೆ ವಿಮೆ ಇದ್ದರೆ ಆ ಫೋಟೊ ಬೇಕಾಗುತ್ತದೆ. ಹಾಳಾದ ಸಾಮಾನನ್ನು ಅವರು ನೋಡುವ ಮೊದಲು ಎಸೆಯಬೇಡಿ.

ಏಸಿಯಿಂದ ತೊಟ್ಟಿಕ್ಕಿದ ನೀರು, ಮಾಡಿನಿಂದ ಸೋರಿದ ಮಳೆನೀರು, ಕುಡಿಯುವ ನೀರು ಇವು ಸುಲಭ. ಹಾಲು, ಚಹಾ, ಕೋಲ್ಡ್ ಡ್ರಿಂಕ್ ಬಿದ್ದರೆ ಸಕ್ಕರೆ ಅಂಟುತ್ತದೆ, ಕೆಲಸ ಜಾಸ್ತಿ. ಎಲ್ಲಕ್ಕಿಂತ ಕಷ್ಟದ್ದು ರಸ್ತೆಯಿಂದ ಒಳಗೆ ಬಂದ ನೀರು. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಂದೇ ಹೊತ್ತಿಗೆ ಬಂದರೆ ಮುಂಬೈಯಲ್ಲಿ ಗಟಾರದ ನೀರು ಸಮುದ್ರಕ್ಕೆ ಹೋಗುವುದಿಲ್ಲ, ಮನೆ ಕಡೆ ತಿರುಗುತ್ತದೆ. ಅದರಲ್ಲಿ ಮಣ್ಣು, ಎಣ್ಣೆ, ಉಪ್ಪು, ಹೊಲಸು ಎಲ್ಲವೂ ಇರುತ್ತದೆ. ಇಂಥ ನೀರು ಮುಟ್ಟಿದ ಸಾಮಾನನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕೈಯಲ್ಲಿ ಸಣ್ಣ ಗಾಯ ಇದ್ದರೂ ಇಲಿಜ್ವರ ಬರಬಹುದು.

ಗಟಾರದ ನೀರಾಗಿದ್ದರೆ ಅದನ್ನು ಒಣಗಲು ಬಿಡಬಾರದು. ಒದ್ದೆ ಕೆಸರು ಬ್ರಶ್‌ಗೆ ಬರುತ್ತದೆ. ಒಣಗಿದ ಕೆಸರು ಚಿಪ್ಪಿನ ಅಡಿಯಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ.

3. ಬಿಚ್ಚುವುದು

ಪ್ರತಿ ವೈರು ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ. ಪವರ್ ಬಟನ್ನಿಗೆ ಹೋಗುವ ಸಣ್ಣ ಸಣ್ಣ ವೈರುಗಳನ್ನು ಅಂತೂ ಹತ್ತಿರದಿಂದ ತೆಗೆಯಿರಿ. ವಾಪಸು ಹಾಕುವಾಗ ಎಲ್ಲರೂ ತಡವರಿಸುವುದು ಅಲ್ಲೇ.

ಮೊದಲು ತೆಗೆಯಬೇಕಾದದ್ದು ನಾಣ್ಯದಂಥ ಬ್ಯಾಟರಿ. 3 ವೋಲ್ಟಿನ ಈ ಬ್ಯಾಟರಿ ಪ್ಲಗ್ ಕಿತ್ತ ಮೇಲೂ ಬೋರ್ಡಿಗೆ ಕರೆಂಟು ಕೊಡುತ್ತಿರುತ್ತದೆ. ನಾನು ನೋಡಿದ ಒದ್ದೆ ಬೋರ್ಡುಗಳಲ್ಲಿ ಹಸಿರು ಕಿಲುಬು ಜಾಸ್ತಿ ಇರುತ್ತಿದ್ದದ್ದು ಇದರ ಸುತ್ತಲೇ. ಉಗುರಿನಿಂದ ಪಕ್ಕದ ಕ್ಲಿಪ್ ಒತ್ತಿದರೆ ಎದ್ದು ಬರುತ್ತದೆ.

ಆಮೇಲೆ ಹಾರ್ಡ್ ಡಿಸ್ಕ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬ), ಕೊನೆಗೆ ಬೋರ್ಡ್. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಅದರ ಒಳಗೆ ಕರೆಂಟು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಅದರೊಳಗೆ ಕೊಳಕು ನೀರು ಹೋಗಿದ್ದರೆ ಹೊಸದನ್ನೇ ತನ್ನಿ. ಎಸ್‌ಎಂಪಿಎಸ್ ಉಳಿಸಲು ಹೋಗಿ ಬೋರ್ಡು, ಡಿಸ್ಕು ಎರಡೂ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಪ್ರೊಸೆಸರ್ ತೆಗೆಯುವ ಅಭ್ಯಾಸ ಇಲ್ಲದಿದ್ದರೆ ಗೊತ್ತಿದ್ದವರನ್ನು ಕರೆಯಿರಿ. ಬಿದ್ದದ್ದು ಶುದ್ಧ ನೀರು, ಅದೂ ಆ ಕಡೆ ಹೋಗಿಲ್ಲ ಅಂದರೆ ಹಾಗೇ ಬಿಡಬಹುದು. ಕೊಳಕು ನೀರು ಹೋಗಿದ್ದರೆ ತೆಗೆಯಲೇಬೇಕು. ಸಾಕೆಟ್ಟಿನ ಪಿನ್ನುಗಳಿಗೆ ಬ್ರಶ್ ಮುಟ್ಟಿಸಬೇಡಿ. ಒಂದು ಪಿನ್ ಬಾಗಿದರೂ ಬೋರ್ಡು ಕೈಬಿಟ್ಟ ಹಾಗೆಯೇ.

4. ಹಾರ್ಡ್ ಡಿಸ್ಕ್: ಇಲ್ಲಿ ನಿಮ್ಮ ಕೈಯಾಡಿಸಬೇಡಿ

ಕುರ್ಲಾ ಕಡೆ ನಮ್ಮ ಪರಿಚಯದವರ ಉಡುಪಿ ಹೋಟೆಲ್ ಇದೆ. ಲೆಕ್ಕದ ಕಂಪ್ಯೂಟರ್ ಗಲ್ಲಾದ ಕೆಳಗೆ, ನೆಲದ ಮೇಲೆ. ಒಂದು ಮಳೆಗೆ ಮೊಣಕಾಲಿನ ತನಕ ನೀರು ಬಂತು. ಅವರು ಡಿಸ್ಕ್ ತೆಗೆದು, ಇಡ್ಲಿ ಸ್ಟೀಮರಿನ ಪಕ್ಕದಲ್ಲಿಟ್ಟು ಎರಡು ದಿನ ಒಣಗಿಸಿದರು. ಮೂರನೆಯ ದಿನ ಹಾಕಿ ಆನ್ ಮಾಡಿದರು. ಟಿಕ್, ಟಿಕ್, ಟಿಕ್ ಅಂತ ಸದ್ದು. ಮತ್ತೆ ಬಂದ್ ಮಾಡಿ, ಮತ್ತೆ ಆನ್. ನಾನು ಹೋಗುವಷ್ಟರಲ್ಲಿ ಹತ್ತು ಸಲವಾದರೂ ಆಗಿತ್ತು. "ಮಾರಾಯ್ರೆ, ಏಳು ವರ್ಷದ ಲೆಕ್ಕ ಇದೆ ಇದರಲ್ಲಿ" ಅಂತ ನನ್ನ ಕೈಗೆ ಕೊಟ್ಟರು.

ಬೆಳಕಿಗೆ ಹಿಡಿದು ನೋಡಿದೆ. ಡಿಸ್ಕಿನ ಮೇಲೆ ಒಂದು ಪುಟ್ಟ ತೂತು ಇರುತ್ತದೆ, ಗುಂಡುಸೂಜಿಯ ತಲೆಯಷ್ಟು. ಇದನ್ನು ಮುಚ್ಚಬೇಡಿ ಅಂತ ಪಕ್ಕದಲ್ಲೇ ಬರೆದಿರುತ್ತದೆ. ಒಳಗಿನ ಹೊರಗಿನ ಗಾಳಿಯ ಒತ್ತಡ ಸಮ ಆಗಲಿ ಅಂತ ಇಟ್ಟ ತೂತು ಅದು. ಆ ತೂತಿನ ಬಾಯಲ್ಲಿ ಬೂದು ಬಣ್ಣದ ಮಣ್ಣು ಗಟ್ಟಿಯಾಗಿ ಕೂತಿತ್ತು. ನೀರು ಒಳಗೆ ಹೋಗಿದೆ ಅಂತ ಅಷ್ಟರಲ್ಲೇ ಗೊತ್ತಾಯಿತು. ಒಳಗೆ ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವೆ ಇರುವ ಜಾಗ ಒಂದು ಧೂಳಿನ ಕಣಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಮಣ್ಣು ಒಣಗಿ ತಟ್ಟೆಗೆ ಅಂಟಿದ ಮೇಲೆ ತಿರುಗಿಸಿದರೆ ಹೆಡ್ಡು ತಟ್ಟೆಯನ್ನು ಗೀರುತ್ತದೆ. ಗೀರಿದ ಕಡೆಯ ಲೆಕ್ಕ ವಾಪಸು ಬರುವುದಿಲ್ಲ. ಅವರ ಡಿಸ್ಕನ್ನು ಲ್ಯಾಬಿನವರೂ ಕೈಚೆಲ್ಲಿ ವಾಪಸು ಕಳಿಸಿದರು.

ಹಾಗಾಗಿ ನೀರಿನಲ್ಲಿ ಮುಳುಗಿದ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಡೇಟಾ ಇದ್ದರೆ ಹೀಗೆ ಮಾಡಿ. ಒಣಗಿಸಬೇಡಿ. ಆನ್ ಮಾಡಬೇಡಿ. ಬಿಚ್ಚಬೇಡಿ. ಅಲುಗಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದೇ ಸ್ಥಿತಿಯಲ್ಲಿ ಡೇಟಾ ರಿಕವರಿ ಲ್ಯಾಬಿಗೆ ಕೊಡಿ. ಖರ್ಚು ಜಾಸ್ತಿಯೇ. ಆದರೆ ಮಗುವಿನ ಮೊದಲ ಫೋಟೊಗಳೋ, ಅಂಗಡಿಯ ಲೆಕ್ಕವೋ ಇದ್ದರೆ ಇದೊಂದೇ ದಾರಿ.

ಎಸ್‌ಎಸ್‌ಡಿ ಆದರೆ ಇಷ್ಟು ಹೆದರಬೇಕಾಗಿಲ್ಲ. ಅದರಲ್ಲಿ ತಿರುಗುವ ಭಾಗ ಇಲ್ಲ. ಬೋರ್ಡಿನ ಹಾಗೆಯೇ ತೊಳೆದು ಒಣಗಿಸಬಹುದು.

5. ತೊಳೆಯುವುದು

ಒದ್ದೆಯಾದದ್ದನ್ನು ಮತ್ತೆ ಒದ್ದೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಮಾಡಬೇಕು.

ಕೆಸರು ಇದ್ದರೆ ಮೊದಲ ಸಲ ಸಾದಾ ಕುಡಿಯುವ ನೀರು ಸುರಿದು ಮಣ್ಣು ಇಳಿಸಿ. ಬೋರ್ಡನ್ನು ಓರೆಯಾಗಿ ಹಿಡಿಯಿರಿ, ಮೇಲಿನಿಂದ ಕೆಳಗೆ ನೀರು ಹರಿಯಲಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ ಮೆತ್ತಗೆ ಬ್ರಶ್ ಮಾಡಿ. ರ‍್ಯಾಮ್ ಸ್ಲಾಟಿನ ಒಳಗೆ, ಯುಎಸ್‌ಬಿ ತೂತುಗಳಲ್ಲಿ, ದೊಡ್ಡ ಚಿಪ್ಪುಗಳ ಸುತ್ತ. ಕೆಳಗೆ ಬಿಳಿ ತಟ್ಟೆ ಇಟ್ಟುಕೊಂಡರೆ ಇಳಿಯುವ ನೀರಿನ ಬಣ್ಣ ಕಾಣುತ್ತದೆ. ನೀರು ತಿಳಿಯಾಗಿ ಇಳಿಯುವ ತನಕ ಬಿಡಬೇಡಿ.

ಕೊನೆಯ ಸಲ ಐಪಿಎ. ಚಿಪ್ಪುಗಳ ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನು ಅದು ತನ್ನ ಜೊತೆ ಎಳೆದುಕೊಂಡು ಬೇಗ ಆರುತ್ತದೆ. ಕಿಟಕಿ ತೆರೆದಿಡಿ. ಇದು ಬೇಗ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆಯಲ್ಲಿ ಬೇಡ. ದೇವರ ಮುಂದೆ ದೀಪ, ಊದುಬತ್ತಿ ಹಚ್ಚಿದ್ದರೆ ಆ ಕೋಣೆಯಲ್ಲಿ ಬೇಡ.

ಚಹಾ ಚೆಲ್ಲಿದವರು ಮಾಡುವ ತಪ್ಪು ಒಂದಿದೆ. ನೇರವಾಗಿ ಐಪಿಎ ಸುರಿಯುತ್ತಾರೆ. ಸಕ್ಕರೆ ಆಲ್ಕೊಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ. ಕ್ರಮ ತಪ್ಪಿದರೆ ಅಂಟು ಅಲ್ಲೇ ಉಳಿಯುತ್ತದೆ.

ಮಾನಿಟರ್, ಎಸ್‌ಎಂಪಿಎಸ್, ಸ್ಪೀಕರ್, ತಿರುಗುವ ಹಾರ್ಡ್ ಡಿಸ್ಕ್ ಇವನ್ನು ತೊಳೆಯಬಾರದು. ಸಾದಾ ವೈರ್ ಕೀಬೋರ್ಡನ್ನು ಧಾರಾಳವಾಗಿ ತೊಳೆಯಬಹುದು.

6. ಒಣಗಿಸುವುದು

ಜುಲೈ ತಿಂಗಳಲ್ಲಿ ಮುಂಬೈಯ ಗಾಳಿಯಲ್ಲಿ ತೇವ ಸಾಮಾನ್ಯವಾಗಿ 80 ಪರ್ಸೆಂಟಿಗಿಂತ ಮೇಲೆಯೇ ಇರುತ್ತದೆ. ಹಗ್ಗಕ್ಕೆ ಹಾಕಿದ ಬನಿಯನ್ ಮೂರು ದಿನವಾದರೂ ಆರುವುದಿಲ್ಲ. ಅಂಥದ್ದರಲ್ಲಿ ಫ್ಯಾನಿನ ಕೆಳಗೆ ಇಟ್ಟರೆ ಬೋರ್ಡಿನ ಮೇಲ್ಮೈ ಮಾತ್ರ ಒಣಗುತ್ತದೆ, ಸ್ಲಾಟಿನ ಒಳಗಿನದು ಹಾಗೇ ಇರುತ್ತದೆ. ಬೇರೆ ಊರಿನವರು ಎರಡು ದಿನ ಸಾಕು ಅಂದರೆ ನಂಬಬೇಡಿ.

ಏಸಿ ಇದ್ದರೆ ಬಾಗಿಲು ಹಾಕಿ ಡ್ರೈ ಮೋಡಿನಲ್ಲಿಟ್ಟು, ಅದೇ ಕೋಣೆಯಲ್ಲಿ ಫ್ಯಾನಿನ ಎದುರು ಬೋರ್ಡನ್ನು ನೆಟ್ಟಗೆ ನಿಲ್ಲಿಸಿ. ಒಂದು ದಿನ ಹೀಗೆ. ಆಮೇಲೆ ಡಬ್ಬದಲ್ಲಿ ಸಿಲಿಕಾ ಜೆಲ್ ಹರಡಿ, ಮೇಲೆ ಜಾಲರಿ ಇಟ್ಟು, ಅದರ ಮೇಲೆ ಬೋರ್ಡ್ ಇಟ್ಟು ಮುಚ್ಚಿ. ಬಣ್ಣ ಬದಲಾಗುವ ಜೆಲ್ ತಂದರೆ ಒಳ್ಳೆಯದು. ನೀಲಿ ಇದ್ದದ್ದು ಗುಲಾಬಿಯಾದರೆ, ಕಿತ್ತಳೆ ಇದ್ದದ್ದು ಹಸಿರಾದರೆ ತೇವ ಹೀರಿ ಹೊಟ್ಟೆ ತುಂಬಿದೆ ಅಂತ ಅರ್ಥ. ಆಗ ಹೊಸ ಜೆಲ್ ಹಾಕಿ. ಒಟ್ಟು ನಾಲ್ಕೈದು ದಿನ ಬೇಕು. ಏಸಿ ಇಲ್ಲದಿದ್ದರೆ ಇನ್ನೂ ಎರಡು ದಿನ ಸೇರಿಸಿ.

ಅಕ್ಕಿ ಡಬ್ಬದಲ್ಲಿ ಹುಗಿಯುವುದು ಬೇಡ. ಚಿಪ್ಪಿನ ಅಡಿಯ ನೀರನ್ನು ಅಕ್ಕಿ ಎಳೆಯುವುದಿಲ್ಲ. ಅದರ ಹಿಟ್ಟು ತೂತುಗಳಲ್ಲಿ ಹೋಗಿ ಕೂರುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಬಿಸಿಗೆ ಪ್ಲಾಸ್ಟಿಕ್ ಬಾಗುತ್ತದೆ, ಗಾಳಿಯ ರಭಸಕ್ಕೆ ನೀರು ಇನ್ನೂ ಒಳಗೆ ಹೋಗುತ್ತದೆ.

ಒಣಗಿತೋ ಇಲ್ಲವೋ ಅಂತ ನಾನು ನೋಡುವುದು ಹೀಗೆ. ಟಿಶ್ಯೂ ಪೇಪರನ್ನು ಕಡ್ಡಿಯಷ್ಟು ಸಣ್ಣಗೆ ಕತ್ತರಿಸಿ ರ‍್ಯಾಮ್ ಸ್ಲಾಟಿನಲ್ಲಿ ಇಳಿಸಿ ಅರ್ಧ ನಿಮಿಷ ಬಿಡುತ್ತೇನೆ. ತುದಿ ಬಣ್ಣ ಬದಲಿಸಿದರೆ, ಮೆತ್ತಗಾದರೆ ಇನ್ನೊಂದು ದಿನ ಡಬ್ಬಕ್ಕೆ.

7. ಜೋಡಿಸಿ ಆನ್ ಮಾಡುವುದು

ಟಾರ್ಚ್ ಹಿಡಿದು ಬೋರ್ಡನ್ನು ಒಂದು ಸುತ್ತು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಐಪಿಎಯಲ್ಲಿ ಅದ್ದಿದ ಬ್ರಶ್‌ನಿಂದ ಉಜ್ಜಿ. ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಆನ್ ಮಾಡದೆ ರಿಪೇರಿಯವರಿಗೆ ಕೊಡಿ. ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಯನ್ನು ಬಿಳಿ ರಬ್ಬರಿನಿಂದ ಒರೆಸಿ. ಹೊಸ ನಾಣ್ಯದ ಬ್ಯಾಟರಿ, ಹೊಸ ಥರ್ಮಲ್ ಪೇಸ್ಟ್ ಹಾಕಿ.

ಮೊದಲ ಸಲ ಎಲ್ಲವನ್ನೂ ಸೇರಿಸಬೇಡಿ. ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್, ಸರಿಯಿದೆ ಅಂತ ಗೊತ್ತಿರುವ ಎಸ್‌ಎಂಪಿಎಸ್. ಬೋರ್ಡಿನಲ್ಲಿ ಡಿಸ್‌ಪ್ಲೇ ಇಲ್ಲದಿದ್ದರೆ ಮಾತ್ರ ಗ್ರಾಫಿಕ್ಸ್ ಕಾರ್ಡ್. ಡಿಸ್ಕ್ ಬೇಡ. ಕೈ ಸ್ವಿಚ್ಚಿನ ಮೇಲೆಯೇ ಇರಲಿ.

ಫ್ಯಾನ್ ತಿರುಗಿ ನಿಂತು, ಮತ್ತೆ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿದೆ. ಸುಟ್ಟ ವಾಸನೆ, ಮೀನಿನಂಥ ವಾಸನೆ, ಚಿಟಚಿಟ ಸದ್ದು, ಹೊಗೆ ಇವುಗಳಲ್ಲಿ ಯಾವುದು ಬಂದರೂ ಕೂಡಲೇ ಸ್ವಿಚ್ ಬಂದ್. "ಇನ್ನೊಂದು ಸಲ ನೋಡೋಣ" ಅನ್ನುವುದು ಬೇಡ.

ಸ್ಕ್ರೀನ್ ಬಂದರೆ ಸೆಟ್ಟಿಂಗ್ ಪುಟದಲ್ಲೇ ಅರ್ಧ ಗಂಟೆ ಬಿಡಿ. ಬಂದ್ ಮಾಡಿ ಉಳಿದ ರ‍್ಯಾಮ್ ಹಾಕಿ, ಮತ್ತೆ ಪರೀಕ್ಷೆ. ಕೊನೆಗೆ ಡಿಸ್ಕ್, ಅದೂ ನೀರಿನಲ್ಲಿ ಮುಳುಗದ್ದು ಅಥವಾ ತೊಳೆದು ಒಣಗಿಸಿದ ಎಸ್‌ಎಸ್‌ಡಿ ಮಾತ್ರ. ಡಿಸ್ಕ್ ಕಾಣಿಸಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ: ಬೇಕಾದ ಫೈಲುಗಳನ್ನೆಲ್ಲ ಹೊರಗೆ ಕಾಪಿ ಮಾಡಿ. ಅಪ್‌ಡೇಟ್, ಮೇಲ್ ಎಲ್ಲ ಆಮೇಲೆ. ಒಮ್ಮೆ ಒದ್ದೆಯಾದ ಬೋರ್ಡು ಚೆನ್ನಾಗಿಯೇ ನಡೆದು, ಕಿಲುಬು ಒಳಗೊಳಗೇ ತಿಂದು, ದೀಪಾವಳಿ ಹೊತ್ತಿಗೆ ಕೈಕೊಟ್ಟದ್ದಿದೆ.

ಲ್ಯಾಪ್‌ಟಾಪ್ ಆದರೆ

ಚಾರ್ಜರನ್ನು ಗೋಡೆಯ ಸ್ವಿಚ್ಚಿನಲ್ಲಿ ಬಂದ್ ಮಾಡಿ ಕೀಳಿ. ಫೈಲ್ ಸೇವ್ ಮಾಡುತ್ತಾ ಕೂರಬೇಡಿ. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಬಂದ್ ಮಾಡಿ. ಪೂರ್ತಿ ತೆರೆದು, ಕೀಬೋರ್ಡ್ ಕೆಳಗೆ ಬರುವ ಹಾಗೆ ಗುಡಾರದಂತೆ ಟವೆಲ್ಲಿನ ಮೇಲೆ ನಿಲ್ಲಿಸಿ. ಅಲುಗಾಡಿಸಬೇಡಿ, ಕೀಬೋರ್ಡಿನ ನೀರು ಬೋರ್ಡಿಗೆ ಹೋಗುತ್ತದೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕೀಳಿ, ಬೇರೆ ಕೆಲಸ ಆಮೇಲೆ. ಧೈರ್ಯ ಇಲ್ಲದಿದ್ದರೆ ಅದೇ ದಿನ ಅಂಗಡಿಗೆ ಒಯ್ಯಿರಿ, ನಾಳೆ ಅನ್ನಬೇಡಿ. ಬ್ಯಾಟರಿ ಉಬ್ಬಿದೆ, ಬಿಸಿಯಾಗುತ್ತಿದೆ, ಸಿಹಿ ವಾಸನೆ ಬರುತ್ತಿದೆ ಅಂದರೆ ಮನೆಯೊಳಗೆ ಇಡಬೇಡಿ. ಗಟಾರದ ನೀರಿನಲ್ಲಿ ಮುಳುಗಿದ ಬ್ಯಾಟರಿ ನೋಡಲು ಸರಿ ಇದ್ದರೂ ಚಾರ್ಜ್ ಮಾಡಬಾರದು. ಅದನ್ನು ಕಸದ ಡಬ್ಬಕ್ಕೆ ಹಾಕದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಅಂಗಡಿಗೆ ಕೊಡುವಾಗ

"ಪಾನಿ ಗಯಾ ಹೈ", ನೀರು ಹೋಗಿದೆ ಅಂತ ಮೊದಲೇ ಹೇಳಿ. ವಾರಂಟಿ ಸಿಗಲಿ ಅಂತ ಮುಚ್ಚಿಡುವುದರಲ್ಲಿ ಲಾಭ ಇಲ್ಲ. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ. ನೀರು ತಾಗಿದರೆ ಕೆಂಪಾಗುವ ಸ್ಟಿಕ್ಕರ್ ಎಷ್ಟೋ ಲ್ಯಾಪ್‌ಟಾಪುಗಳ ಒಳಗೆ ಇರುತ್ತದೆ. ಸದ್ದಿನ ಅಲೆಗಳಿಂದ ಕೊಳೆ ತೆಗೆಯುವ ಅಲ್ಟ್ರಾಸೋನಿಕ್ ಕ್ಲೀನಿಂಗ್ ಮಷೀನು ಇದೆಯಾ ಅಂತ ಕೇಳಿ. ಡಿಸ್ಕನ್ನು ಮೊದಲೇ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. "ಒಮ್ಮೆ ಆನ್ ಮಾಡಿ ನೋಡ್ತೀನಿ" ಅಂತ ಹುಡುಗ ಪ್ಲಗ್ ಹುಡುಕಿದರೆ ವಾಪಸು ತೆಗೆದುಕೊಂಡು ಬನ್ನಿ.

ಮುಂದಿನ ಮಳೆಗೆ ಮುಂಚೆ

ಕೆಳಮಹಡಿಯಲ್ಲಿದ್ದರೆ 2005ರ ಜುಲೈ 26ರಂದು ನೀರು ಗೋಡೆಯಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಹಳಬರನ್ನು ಕೇಳಿ. ಕುರ್ಲಾ, ಸಯನ್ ಕಡೆಯವರು ಈಗಲೂ ಕೈ ಎತ್ತಿ ತೋರಿಸುತ್ತಾರೆ. ಅಷ್ಟು ಎತ್ತರ ಆಗದಿದ್ದರೂ ಡಬ್ಬ, ಯುಪಿಎಸ್, ಸ್ಪೈಕ್ ಗಾರ್ಡ್ ಮೂರೂ ನೆಲ ಬಿಟ್ಟು ಮೇಜಿನ ಮೇಲೆ ಬರಲಿ. ಫೈಲುಗಳ ಒಂದು ಕಾಪಿ ಮೇಲಿನ ಮಹಡಿಯ ನೆಂಟರ ಮನೆಯಲ್ಲೋ, ಊರಿನಲ್ಲೋ ಇರಲಿ.

ಸಮುದ್ರದ ಉಬ್ಬರ 4.5 ಮೀಟರಿಗಿಂತ ಮೇಲೆ ಏರುವ ದಿನಗಳ ಪಟ್ಟಿ ಮಳೆಗಾಲಕ್ಕೆ ಮೊದಲೇ ಸಿಗುತ್ತದೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನಗಳಲ್ಲಿ ಹೊರಗೆ ಹೋಗುವ ಮುಂಚೆ, ಮಲಗುವ ಮುಂಚೆ ಪ್ಲಗ್ ಕಿತ್ತು ಡಬ್ಬವನ್ನು ಮಂಚದ ಮೇಲೆ ಎತ್ತಿಡಿ.